ಕಾರು ಒಂದು ಬದಿಗೆ ಎಳೆಯುತ್ತಿದೆಯೇ? ಅಲೈನ್‌ಮೆಂಟ್‌ಗೆ ಓಡುವ ಮೊದಲು ಇದನ್ನು ಓದಿ

"ಕಾರು ಎಡಕ್ಕೆ ಎಳೀತಿದೆ, ಏನು ಮಾಡೋದು?" ಎಂದು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿ ನೋಡಿ. ಐದು ನಿಮಿಷದಲ್ಲಿ ಹತ್ತು ಸಲಹೆ ಬಂದು ಬೀಳುತ್ತವೆ. "ಅಲೈನ್‌ಮೆಂಟ್ ಹೋಗಿದೆ, ಮಾಡಿಸಿ." "ಬ್ಯಾಲೆನ್ಸಿಂಗ್ ಮಾಡಿಸಿ, ಸರಿಹೋಗುತ್ತೆ." "ನೈಟ್ರೋಜನ್ ಹಾಕಿಸಿ." "ಹೈವೇಯಲ್ಲಿ ಸ್ಟೀರಿಂಗ್ ಕೈಬಿಟ್ಟು ನೋಡಿ, ಗೊತ್ತಾಗುತ್ತೆ."

ಇವುಗಳಲ್ಲಿ ಮೊದಲನೆಯದು ಕೆಲವೊಮ್ಮೆ ಮಾತ್ರ ಸರಿ. ಎರಡನೆಯದೂ ಮೂರನೆಯದೂ ಈ ತೊಂದರೆಗೆ ಸಂಬಂಧವೇ ಇಲ್ಲದವು. ನಾಲ್ಕನೆಯದು ಜೀವಕ್ಕೇ ಅಪಾಯ. ಕಾರು ಒಂದು ಬದಿಗೆ ಎಳೆಯಲು ಹತ್ತಾರು ಕಾರಣಗಳಿರುತ್ತವೆ. ಕೆಲವಕ್ಕೆ ಗಾಳಿ ತುಂಬಿಸಿದರೆ ಸಾಕು, ಕೆಲವು ಬ್ರೇಕ್ ಕೆಡುತ್ತಿರುವುದರ ಮುನ್ಸೂಚನೆ. ಯಾವುದು ಯಾವುದೆಂದು ತಿಳಿಯಲು ನೀವು ಮೆಕ್ಯಾನಿಕ್ ಆಗಬೇಕಿಲ್ಲ. ಸರಿಯಾದ ಕ್ರಮದಲ್ಲಿ ನೋಡುತ್ತಾ ಹೋದರೆ ಸಾಕು.

ತೊಂದರೆ ಕಾರಿನದೋ, ರಸ್ತೆಯದೋ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಮ್ಮ ರಸ್ತೆಗಳು ಮೇಜಿನಂತೆ ಸಮತಟ್ಟಾಗಿರುವುದಿಲ್ಲ. ಮಳೆನೀರು ನಿಲ್ಲದೆ ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಎತ್ತರಿಸಿ, ಅಂಚಿನ ಕಡೆಗೆ ಇಳಿಜಾರು ಕೊಡುತ್ತಾರೆ. ಭಾರತದಲ್ಲಿ ಒಳ್ಳೆಯ ಡಾಂಬರು ಮತ್ತು ಕಾಂಕ್ರೀಟ್ ರಸ್ತೆಗಳಿಗೆ ಈ ಇಳಿಜಾರು ಸುಮಾರು ಶೇ 2ರ ಆಸುಪಾಸಿನಲ್ಲಿರುತ್ತದೆ. ಮಣ್ಣಿನ ರಸ್ತೆಗಳಲ್ಲಿ ಇನ್ನೂ ಹೆಚ್ಚು.

ನಾವು ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುತ್ತೇವೆ. ಅಂದರೆ ಕಾರು ಯಾವಾಗಲೂ ಎಡಕ್ಕೆ ಇಳಿಯುವ ಮೈಮೇಲೆ ಇರುತ್ತದೆ. 1200 ಕೆ.ಜಿ. ತೂಕದ ಕಾರು ಶೇ 2ರ ಇಳಿಜಾರಿನಲ್ಲಿದ್ದರೆ ಅದನ್ನು ಎಡಕ್ಕೆ ಜಾರಿಸುವ ಬಲ ಸುಮಾರು 24 ಕೆ.ಜಿ. ತೂಕಕ್ಕೆ ಸಮ. ಹಾಗಾಗಿ ಯಾವ ದೋಷವೂ ಇಲ್ಲದ ಹೊಸ ಕಾರು ಕೂಡ ನಿಧಾನವಾಗಿ ಎಡಕ್ಕೆ ಸರಿಯುವುದು ಸಹಜ. ಹಗುರ ಬೆರಳಿನ ಹಿಡಿತಕ್ಕೆ ಅದು ನೇರವಾಗಿ ಹೋಗುತ್ತಿದ್ದರೆ ಚಿಂತಿಸಬೇಕಿಲ್ಲ. ಬಲಕ್ಕೆ ಎಳೆಯುತ್ತಿದ್ದರೆ ಮಾತು ಬೇರೆ. ರಸ್ತೆಯ ಇಳಿಜಾರಿಗೆ ವಿರುದ್ಧವಾಗಿ ಕಾರು ಹೋಗುತ್ತಿದೆ ಎಂದರೆ ಕಾರಿನಲ್ಲೇ ಏನೋ ಇದೆ ಎಂಬ ಅನುಮಾನ ಹೆಚ್ಚು ಗಟ್ಟಿಯಾಗುತ್ತದೆ.

"ಅದೇ ರಸ್ತೆಯಲ್ಲಿ ವಾಪಸ್ ಬಂದು ನೋಡಿ" ಎಂದು ಕೆಲವರು ಹೇಳುತ್ತಾರೆ. ಇದರಿಂದ ಗಾಳಿಯ ಹೊಡೆತ ಗೊತ್ತಾಗುತ್ತದೆ. ಹೋಗುವಾಗ ಎಡಕ್ಕೆ ತಳ್ಳಿದ ಅಡ್ಡಗಾಳಿ ಬರುವಾಗ ಬಲಕ್ಕೆ ತಳ್ಳುತ್ತದೆ. ಆದರೆ ರಸ್ತೆಯ ಇಳಿಜಾರು ಗೊತ್ತಾಗುವುದಿಲ್ಲ. ವಾಪಸ್ ಬರುವಾಗಲೂ ನೀವು ನಿಮ್ಮ ಎಡಬದಿಯಲ್ಲೇ ಇರುತ್ತೀರಲ್ಲ, ಇಳಿಜಾರು ಮತ್ತೆ ಎಡಕ್ಕೇ ಇರುತ್ತದೆ. ಅದಕ್ಕೆ ಸಮತಟ್ಟಾದ ದೊಡ್ಡ ಖಾಲಿ ಜಾಗ ಬೇಕು. ಜನವಿಲ್ಲದ ವಿಶಾಲ ಪಾರ್ಕಿಂಗ್ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಬಹುದು.

ಇನ್ನೊಂದು ಹೊಸ ಕಾರಣವೂ ಸೇರಿದೆ. ಈಚಿನ ಕೆಲವು ಕಾರುಗಳಲ್ಲಿ ರಸ್ತೆಯ ಬಿಳಿಗೆರೆಗಳನ್ನು ಕ್ಯಾಮೆರಾ ಮೂಲಕ ನೋಡಿ ಸ್ಟೀರಿಂಗನ್ನು ತಾನೇ ತಿದ್ದುವ ವ್ಯವಸ್ಥೆ ಇರುತ್ತದೆ. ಗೆರೆ ಅಳಿಸಿಹೋಗಿರುವ ಕಡೆ ಅದು ಗೊಂದಲಗೊಂಡು ಕೈಯಲ್ಲಿ ಜಗ್ಗಿದಂತೆ ಅನಿಸಬಹುದು. ಪರೀಕ್ಷೆ ಮಾಡುವಾಗ ಅದನ್ನು ಆಫ್ ಮಾಡಿ.

ಸ್ಟೀರಿಂಗ್ ಕೈಬಿಟ್ಟು ನೋಡಬಹುದೇ?

ಬೇಡ. ಲೆಕ್ಕ ಸರಳ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಹೆದ್ದಾರಿಯ ಒಂದು ಲೇನ್ ಸಾಮಾನ್ಯವಾಗಿ 3.5 ಮೀಟರ್ ಅಗಲ, ಕಾರು ಸುಮಾರು 1.7 ಮೀಟರ್. ಎರಡೂ ಬದಿಗೆ ಉಳಿಯುವುದು ತಲಾ ಒಂದು ಮೀಟರಿಗೂ ಕಡಿಮೆ. ಆ ಹೊತ್ತಿಗೆ ಒಂದು ಗುಂಡಿ ಸಿಕ್ಕರೆ, ಪಕ್ಕದಲ್ಲಿ ಬೈಕ್ ಬಂದರೆ, ಕೈ ಸ್ಟೀರಿಂಗ್‌ಗೆ ಮರಳುವಷ್ಟರಲ್ಲಿ ತಡವಾಗಿರುತ್ತದೆ.

ಕೈಬಿಡುವ ಅಗತ್ಯವೂ ಇಲ್ಲ. ಎರಡೂ ಕೈಗಳಿಂದ ಸ್ಟೀರಿಂಗನ್ನು ಹಗುರವಾಗಿ ಹಿಡಿದುಕೊಳ್ಳಿ. ನೇರ ಹೋಗಲು ಯಾವ ಕೈ ಸದಾ ಬಲ ಹಾಕುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಕಾರು ನೇರವಾಗಿಯೇ ಹೋಗುತ್ತಿದೆ, ಆದರೆ ಸ್ಟೀರಿಂಗ್ ಚಕ್ರ ಸ್ವಲ್ಪ ಓರೆಯಾಗಿ ನಿಂತಿದೆ ಎಂದರೆ ಅದು ಎಳೆತ ಅಲ್ಲ. ಸ್ಟೀರಿಂಗ್ ನೇರ ಹಿಡಿಯಲು ಬಲ ಹಾಕಲೇಬೇಕು ಎಂದರೆ ಅದು ಎಳೆತ.

ಯಾವಾಗ ಎಳೆಯುತ್ತದೆ?

ಮೆಕ್ಯಾನಿಕ್ ಹತ್ತಿರ ಹೋದಾಗ ನೀವು ಕೊಡಬಹುದಾದ ಅತಿ ಮುಖ್ಯ ಮಾಹಿತಿ ಇದು. "ಎಳೀತಿದೆ" ಎಂದಷ್ಟೇ ಹೇಳಿದರೆ ಅವರು ಊಹೆಯಿಂದ ಶುರು ಮಾಡಬೇಕಾಗುತ್ತದೆ.

ಸದಾ ಒಂದೇ ಬದಿಗೆ ಎಳೆಯುತ್ತಿದ್ದರೆ: ಟೈರಿನ ಗಾಳಿ, ಟೈರ್, ಅಲೈನ್‌ಮೆಂಟ್, ಅಥವಾ ಬಿಡದೆ ಹಿಡಿದುಕೊಂಡಿರುವ ಬ್ರೇಕ್.

ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತಿದ್ದರೆ: ಬ್ರೇಕ್, ಅಥವಾ ಸವೆದ ಸಸ್ಪೆನ್ಷನ್ ಬುಷ್.

ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಎಳೆಯುತ್ತಿದ್ದರೆ: ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಕಾರುಗಳಲ್ಲಿ ಇದು ಸ್ವಲ್ಪ ಮಟ್ಟಿಗೆ ಸಹಜ. ಎಡ ಮತ್ತು ಬಲ ಚಕ್ರಗಳಿಗೆ ಹೋಗುವ ಶಾಫ್ಟ್‌ಗಳ ಉದ್ದ ಬೇರೆಬೇರೆ ಇರುವುದು ಇದಕ್ಕೆ ಒಂದು ಕಾರಣ. ಮೊದಲು ಇಲ್ಲದ್ದು ಈಗ ಹೆಚ್ಚಾಗಿದ್ದರೆ ಬುಷ್ ಅಥವಾ ಎಂಜಿನ್ ಮೌಂಟ್ ಸವೆದಿರಬಹುದು.

ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲೆಯುತ್ತಿದ್ದರೆ: ಇದು ಎಳೆತವಲ್ಲ, ಸಡಿಲ. ಸ್ಟೀರಿಂಗ್‌ನ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಮುಂತಾದ ಕೀಲುಗಳನ್ನು ತಡಮಾಡದೆ ತೋರಿಸಬೇಕು.

ಅಗ್ಗದ ಕಾರಣ: ಗಾಳಿ

ಗಾಳಿ ಕಡಿಮೆಯಿರುವ ಟೈರ್ ನೆಲಕ್ಕೆ ಹೆಚ್ಚು ಅಗಲವಾಗಿ ಕೂರುತ್ತದೆ, ಉರುಳಲು ಹೆಚ್ಚು ಒದ್ದಾಡುತ್ತದೆ. ಆ ಬದಿ ಹಿಂದೆ ಬೀಳುತ್ತದೆ, ಕಾರು ಅತ್ತ ತಿರುಗುತ್ತದೆ. ಒಂದು ಕಾಲು ಕೆಸರಿನಲ್ಲಿ ಹೂತರೆ ನಡೆಯುವವರು ಆ ಕಡೆಗೇ ವಾಲುವಂತೆ.

ಗಾಳಿ ನೋಡಿಸುವಾಗ ಎರಡು ವಿಷಯ ನೆನಪಿರಲಿ. ಒಂದು, ಟೈರ್ ತಣ್ಣಗಿರುವಾಗಲೇ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಅಳತೆ ಕೆಲವು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಎರಡು, ಎಷ್ಟು ಹಾಕಿಸಬೇಕು ಎಂಬುದು ಟೈರಿನ ಮೈಮೇಲೆ ಬರೆದಿರುವುದಿಲ್ಲ. ಅಲ್ಲಿರುವುದು ಆ ಟೈರ್ ತಡೆಯಬಲ್ಲ ಗರಿಷ್ಠ ಮಿತಿ. ನಿಮ್ಮ ಕಾರಿಗೆ ಬೇಕಾದ ಅಳತೆ ಚಾಲಕನ ಬಾಗಿಲು ತೆರೆದಾಗ ಕಾಣುವ ಸ್ಟಿಕರ್‌ನಲ್ಲಿ ಅಥವಾ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಬಂಕ್‌ನ ಮೀಟರ್ ಒಂದೆರಡು ಪಿಎಸ್‌ಐ ತಪ್ಪು ತೋರಿಸಿದರೂ ಎಡಕ್ಕೂ ಬಲಕ್ಕೂ ಒಂದೇ ಮೀಟರ್ ಬಳಸಿದರೆ ಎಳೆತದ ಮಟ್ಟಿಗೆ ತೊಂದರೆಯಿಲ್ಲ. ಇಲ್ಲಿ ಎರಡೂ ಬದಿ ಸಮ ಇರುವುದೇ ಮುಖ್ಯ. ಗಾಳಿ ತುಂಬಿಸಿದ ಟೈರ್ ವಾರದೊಳಗೆ ಮತ್ತೆ ಇಳಿದಿದ್ದರೆ ಸಣ್ಣ ಪಂಕ್ಚರ್ ಇದೆ ಎಂದೇ ತಿಳಿಯಿರಿ.

ಲೋಟ ಉರುಳಿಸಿದರೆ ತಿಳಿಯುವ ಗುಟ್ಟು

ಈಗ ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತನ್ನಿ. ಮೇಲೆ ಅಗಲ, ತಳ ಕಿರಿದಾಗಿರುವಂಥದ್ದು. ನೆಲದ ಮೇಲೆ ಅಡ್ಡ ಮಲಗಿಸಿ ಉರುಳಿಸಿ. ಅದು ನೇರ ಹೋಗುವುದಿಲ್ಲ, ಕಿರಿದಾದ ತಳದ ಕಡೆಗೆ ಸುತ್ತು ಹಾಕುತ್ತದೆ.

ಕೆಲವು ಟೈರ್‌ಗಳು ಹೀಗೇ ವರ್ತಿಸುತ್ತವೆ. ರೇಡಿಯಲ್ ಟೈರಿನ ಒಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ತಯಾರಾಗುವಾಗ ಆ ಪಟ್ಟಿ ಕೂದಲೆಳೆಯಷ್ಟು ಒಂದು ಬದಿಗೆ ಸರಿದಿದ್ದರೆ, ಕಣ್ಣಿಗೆ ನೇರವಾಗಿ ಕಂಡರೂ ಓಡುವಾಗ ಟೈರ್ ಆ ಲೋಟದಂತೆ ಒಂದು ಕಡೆಗೆ ಹೊರಳಲು ನೋಡುತ್ತದೆ. ಹಾಗಾಗಿ "ಟೈರ್ ಹೊಸದು, ಅದರಲ್ಲಿ ದೋಷ ಇರಲ್ಲ" ಎನ್ನುವಂತಿಲ್ಲ. ಹಳೆಯ ಟೈರಿನಲ್ಲಿ ಒಂದು ಅಂಚು ಹೆಚ್ಚು ಸವೆದಿದ್ದರೂ ಇದೇ ಆಗುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ಟೈರ್ ಅಂಗಡಿಯಲ್ಲಿ ಮುಂದಿನ ಎರಡು ಚಕ್ರಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅದಲುಬದಲು ಮಾಡಿಸಿ. ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ ನೋಡಿ. ಎಡಕ್ಕೆ ಎಳೆಯುತ್ತಿದ್ದ ಕಾರು ಈಗ ಬಲಕ್ಕೆ ಎಳೆದರೆ, ಅಥವಾ ಎಳೆತವೇ ನಿಂತರೆ, ಕಾರಣ ಟೈರ್. ಏನೂ ಬದಲಾಗದಿದ್ದರೆ ಮುಂದಿನ ಕಾರಣಗಳತ್ತ ನೋಡಬೇಕು. ಟೈರಿನ ಮೈಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಎಡ-ಬಲ ಬದಲಿಸಬಾರದು. ಆಗ ಅದೇ ಬದಿಯ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ ನೋಡಬೇಕು.

ಜೊತೆಗೆ, ಮುಂದಿನ ಎರಡೂ ಟೈರ್ ಒಂದೇ ಕಂಪನಿಯದೇ, ಒಂದೇ ಅಳತೆಯದೇ, ಸವೆತ ಹೆಚ್ಚುಕಡಿಮೆ ಒಂದೇ ತೆರನಾಗಿದೆಯೇ ನೋಡಿ. ಪಂಕ್ಚರ್ ಆದಾಗ ಹಾಕಿದ ಸ್ಟೆಪ್ನಿ ಹಾಗೇ ಉಳಿದಿರುವುದೂ ಉಂಟು. ಟೈರಿನ ಮೇಲೆ ನಾಲ್ಕು ಅಂಕಿಯ ಸಂಖ್ಯೆಯೊಂದಿರುತ್ತದೆ. 2322 ಎಂದಿದ್ದರೆ ಅದು 2022ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಟೈರ್ ಹೊಸದು, ಇನ್ನೊಂದು ಬಹಳ ಹಳೆಯದು ಎಂದಾದರೆ ಎಳೆತಕ್ಕೆ ಅಷ್ಟೇ ಸಾಕು.

ಅಲೈನ್‌ಮೆಂಟ್ ಮಾಡಿಸಿದರೂ ಏಕೆ ಸರಿಹೋಗಲಿಲ್ಲ?

ಹಲವರ ದೂರು ಇದು. ಅಲೈನ್‌ಮೆಂಟ್‌ನಲ್ಲಿ ಮುಖ್ಯವಾಗಿ ಮೂರು ಕೋನಗಳನ್ನು ಅಳೆಯುತ್ತಾರೆ.

ಟೋ: ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ. ನಾವು ನಿಂತಾಗ ಪಾದಗಳನ್ನು ಒಳಕ್ಕೆ ಅಥವಾ ಹೊರಕ್ಕೆ ತಿರುಗಿಸಿದಂತೆ.

ಕ್ಯಾಂಬರ್: ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ. ವಾಲಿದ ಚಕ್ರವೂ ನಮ್ಮ ಲೋಟದಂತೆಯೇ ವಾಲಿದ ಕಡೆಗೆ ಹೊರಳುತ್ತದೆ. ಹಾಗಾಗಿ ಯಾವ ಬದಿಯ ಚಕ್ರ ಹೆಚ್ಚು ಹೊರಕ್ಕೆ ವಾಲಿದೆಯೋ ಕಾರು ಆ ಬದಿಗೆ ಎಳೆಯುತ್ತದೆ.

ಕ್ಯಾಸ್ಟರ್: ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಓರೆಯಾಗಿರುವ ಪ್ರಮಾಣ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಓರೆಯಾಗಿರುತ್ತದಲ್ಲ, ಅದೇ ಇದು. ಕ್ಯಾಸ್ಟರ್ ಯಾವ ಬದಿಯಲ್ಲಿ ಕಡಿಮೆಯೋ ಕಾರು ಆ ಬದಿಗೆ ಎಳೆಯುತ್ತದೆ.

ಈಗ ಮುಖ್ಯ ವಿಷಯ. ನಮ್ಮಲ್ಲಿ ಓಡುವ ಅನೇಕ ಸಣ್ಣ ಕಾರುಗಳಲ್ಲಿ ಅಲೈನ್‌ಮೆಂಟ್ ಮಾಡುವವರು ತಿರುಗಿಸಿ ಸರಿಪಡಿಸಬಹುದಾದದ್ದು ಮುಂದಿನ ಚಕ್ರಗಳ ಟೋ ಒಂದೇ. ಆದರೆ ಮುಂದಿನ ಟೋ ತಪ್ಪಿದ್ದರೆ ಕಾರು ಸಾಮಾನ್ಯವಾಗಿ ಎಳೆಯುವುದಿಲ್ಲ. ಎರಡೂ ಚಕ್ರಗಳು ಸ್ಟೀರಿಂಗ್ ಮೂಲಕ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಓಡುವಾಗ ಆ ತಪ್ಪನ್ನು ಸಮನಾಗಿ ಹಂಚಿಕೊಂಡು ನೇರವಾಗಿಯೇ ಹೋಗುತ್ತವೆ. ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ, ಟೈರ್ ಬೇಗ ಸವೆಯುತ್ತದೆ, ಅಷ್ಟೇ. ಆ "ಅಷ್ಟೇ" ಕೂಡ ಸಣ್ಣದಲ್ಲ. ಚಕ್ರ ಕೇವಲ 0.1 ಡಿಗ್ರಿ ವಾರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 1.7 ಮೀಟರಿನಷ್ಟು ಅಡ್ಡಲಾಗಿ ಉಜ್ಜಿಕೊಂಡು ಹೋಗುತ್ತದೆ. 10,000 ಕಿ.ಮೀ. ಓಡುವಷ್ಟರಲ್ಲಿ ಅದು 17 ಕಿ.ಮೀ. ಉಜ್ಜಾಟ.

ಕ್ಯಾಂಬರ್, ಕ್ಯಾಸ್ಟರ್ ತಪ್ಪಿದ್ದರೆ ಅವು ತಾವಾಗಿ ತಪ್ಪಿರುವುದಿಲ್ಲ. ಗುಂಡಿಗೆ ಬಿದ್ದೋ, ಫುಟ್‌ಪಾತ್ ಅಂಚಿಗೆ ಗುದ್ದಿಯೋ ಲೋವರ್ ಆರ್ಮ್ ಅಥವಾ ಸ್ಟ್ರಟ್ ಬಾಗಿರುತ್ತದೆ, ಬುಷ್ ಹರಿದಿರುತ್ತದೆ, ಸ್ಪ್ರಿಂಗ್ ಕುಸಿದಿರುತ್ತದೆ. ಕೆಟ್ಟ ಭಾಗ ಬದಲಿಸದೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಎಳೆತ ಹೋಗುವುದಿಲ್ಲ. ಹಿಂದಿನ ಚಕ್ರಗಳು ವಾರೆಯಾಗಿದ್ದರೂ ಕಾರು ಏಡಿಯಂತೆ ಓರೆಯಾಗಿ ಸಾಗುತ್ತದೆ. ಆದ್ದರಿಂದ ನಾಲ್ಕೂ ಚಕ್ರಗಳ ಅಳತೆ ತೆಗೆಯುವ ಕಡೆಗೇ ಹೋಗಿ.

ಅಲ್ಲಿ ಕೊಡುವ ಪ್ರಿಂಟ್‌ನಲ್ಲಿ ಎಲ್ಲವೂ ಹಸಿರು ಎಂದಾಕ್ಷಣ ನಿಶ್ಚಿಂತರಾಗಬೇಡಿ. ಎಡ ಚಕ್ರ ಮಿತಿಯ ಒಂದು ತುದಿಯಲ್ಲಿ, ಬಲ ಚಕ್ರ ಇನ್ನೊಂದು ತುದಿಯಲ್ಲಿ ಇದ್ದರೂ ಎರಡೂ ಹಸಿರೇ. ಕ್ಯಾಂಬರ್ ಮತ್ತು ಕ್ಯಾಸ್ಟರ್‌ಗಳಲ್ಲಿ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಎಷ್ಟು ಎಂದು ಕೇಳಿ. ಅದು ಅರ್ಧ ಡಿಗ್ರಿ ದಾಟಿದ್ದರೆ ಎಳೆತದ ಕಾರಣ ಅಲ್ಲಿರುವ ಸಾಧ್ಯತೆ ಹೆಚ್ಚು.

ಬ್ರೇಕ್: ಇಲ್ಲಿ ತಡ ಮಾಡಬೇಡಿ

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ಟೈರಿನ, ದುಡ್ಡಿನ ನಷ್ಟ. ಬ್ರೇಕ್ ವಿಷಯ ಹಾಗಲ್ಲ. ಮುಂದಿನ ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ನೀರು, ಕೆಸರು, ತುಕ್ಕಿನಿಂದ ಅದು ಸಿಕ್ಕಿಕೊಳ್ಳಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತಿದ್ದ ಕಾರುಗಳಲ್ಲಿ ಇದು ಅಪರೂಪವಲ್ಲ.

ಎಡಗಡೆಯ ಕ್ಯಾಲಿಪರ್ ಬಿಡದೆ ಹಿಡಿದುಕೊಂಡಿದ್ದರೆ ಕಾರು ಸದಾ ಎಡಕ್ಕೆ ಎಳೆಯುತ್ತದೆ, ಮೈಲೇಜ್ ಇಳಿಯುತ್ತದೆ, ಆ ಚಕ್ರ ಕಾಯುತ್ತದೆ, ಸುಟ್ಟ ವಾಸನೆಯೂ ಬರಬಹುದು. ಅದೇ ಕ್ಯಾಲಿಪರ್ ಸಿಕ್ಕಿಕೊಂಡು ಹಿಡಿಯದೇ ಹೋದರೆ ಬ್ರೇಕ್ ಒತ್ತಿದಾಗ ಬಲಗಡೆಯದು ಮಾತ್ರ ಕೆಲಸ ಮಾಡಿ ಕಾರು ಬಲಕ್ಕೆ ಹಾರುತ್ತದೆ. ಎಳೆಯುವುದು ಬಲಕ್ಕೆ, ಕೆಟ್ಟಿರುವುದು ಎಡಗಡೆ. ಹಾಗಾಗಿ ಎರಡೂ ಬದಿ ಬಿಚ್ಚಿ ನೋಡಲು ಹೇಳಿ.

ಒಂದು ಸರಳ ಪರೀಕ್ಷೆ: ಹೆಚ್ಚು ಬ್ರೇಕ್ ಹಾಕದೆ ಹತ್ತು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ಒಡ್ಡಿ ಬಿಸಿ ಗಮನಿಸಿ. ಒಂದು ಚಕ್ರ ಮಾತ್ರ ಬೇರೆಯವಕ್ಕಿಂತ ತೀರಾ ಬಿಸಿಯಾಗಿದ್ದರೆ ಅಲ್ಲೇ ತೊಂದರೆ. ಮುಟ್ಟಬೇಡಿ, ಕೈ ಸುಡುತ್ತದೆ.

ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಬ್ರೇಕ್ ಮೇಲೆ ಮತ್ತೆ ಮತ್ತೆ ಕಾಲಿಡುವ ದಾರಿ ಅದು. ಬಲಕ್ಕೆ ಎಳೆಯುವ ಕಾರು ತಿರುವಿನಲ್ಲಿ ಎದುರಿನ ವಾಹನದ ದಾರಿಗೇ ನುಗ್ಗುತ್ತದೆ. ಊರಿಗೆ ಹೊರಡುವ ಹಿಂದಿನ ದಿನ ಬ್ರೇಕ್ ಎಳೆತ ಕಂಡರೆ ಪ್ರಯಾಣ ಒಂದು ದಿನ ಮುಂದಕ್ಕೆ ಹಾಕಿ, ಮೊದಲು ತೋರಿಸಿ.

ಮಳೆಯಲ್ಲಿ ಇನ್ನೊಂದು ಸಂಗತಿ. ರಸ್ತೆಯ ಎಡ ಅಂಚಿನಲ್ಲಿ ನಿಂತ ನೀರಿಗೆ ಎಡ ಚಕ್ರಗಳು ಮಾತ್ರ ಇಳಿದರೆ ಕಾರು ಥಟ್ಟನೆ ಎಡಕ್ಕೆ ಜಗ್ಗುತ್ತದೆ. ಅದು ಕಾರಿನ ದೋಷವಲ್ಲ. ಆಗ ಬ್ರೇಕ್ ಗಟ್ಟಿಯಾಗಿ ಒತ್ತದೆ, ಸ್ಟೀರಿಂಗ್ ಬಿಗಿಯಾಗಿ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ಹರಿದಾಡುವ ಮಾತುಗಳು, ಎಷ್ಟು ನಿಜ?

"ಬ್ಯಾಲೆನ್ಸಿಂಗ್ ಮಾಡಿಸಿದರೆ ಎಳೆತ ಹೋಗುತ್ತದೆ": ಇಲ್ಲ. ಚಕ್ರದ ಸುತ್ತ ತೂಕ ಸಮನಾಗಿ ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಇರುವುದು ಆ ನಡುಕಕ್ಕೆ.

"ನೈಟ್ರೋಜನ್ ಹಾಕಿಸಿದರೆ ಕಾರು ನೇರ ಓಡುತ್ತದೆ": ಇಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಬೇಕಾದದ್ದು ಎರಡೂ ಬದಿ ಸಮ ಒತ್ತಡ.

"ರೇಡಿಯಲ್ ಟೈರ್‌ಗಳನ್ನು ಎಡದಿಂದ ಬಲಕ್ಕೆ ಬದಲಿಸಲೇಬಾರದು": ರೇಡಿಯಲ್ ಹೊಸದಾಗಿ ಬಂದ ಕಾಲದ ಎಚ್ಚರಿಕೆ ಇದು. ಇಂದು ದಿಕ್ಕಿನ ಬಾಣ ಇಲ್ಲದ ಟೈರ್‌ಗಳಿಗೆ ಅನ್ವಯಿಸುವುದಿಲ್ಲ. ಅನುಮಾನವಿದ್ದರೆ ಕಾರಿನ ಪುಸ್ತಕ ನೋಡಿ.

"ಎಳೆಯುವ ಕಾರು ಅಂದರೆ ಆ್ಯಕ್ಸಿಡೆಂಟ್ ಆದ ಕಾರು": ಆಗಿರಬಹುದು, ಆಗಿರಬೇಕೆಂದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಎಳೆತ ಕಂಡರೆ ಗಾಳಿ ಮತ್ತು ಟೈರ್ ನೋಡಿದ ಮೇಲೆ ನಾಲ್ಕು ಚಕ್ರಗಳ ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿ. ಕ್ಯಾಂಬರ್, ಕ್ಯಾಸ್ಟರ್ ಎರಡೂ ಒಂದೇ ಬದಿಯಲ್ಲಿ ಬಹಳ ತಪ್ಪಿದ್ದರೆ ದೊಡ್ಡ ಪೆಟ್ಟು ಬಿದ್ದಿರುವ ಅನುಮಾನಕ್ಕೆ ಆಧಾರವಿದೆ. ಕೆಲವು ನೂರು ರೂಪಾಯಿಯ ಈ ಪರೀಕ್ಷೆ ಲಕ್ಷಾಂತರ ರೂಪಾಯಿಯ ತಪ್ಪನ್ನು ತಪ್ಪಿಸಬಹುದು.

ಯಾವ ಕ್ರಮದಲ್ಲಿ ನೋಡಬೇಕು?

1. ಸಮತಟ್ಟು ಜಾಗದಲ್ಲೂ ಎಳೆಯುತ್ತದೆಯೇ ನೋಡಿ.
2. ತಣ್ಣಗಿರುವಾಗ ನಾಲ್ಕೂ ಟೈರಿನ ಗಾಳಿ ಸರಿಪಡಿಸಿ.
3. ಬ್ರೇಕ್ ಹಾಕಿದಾಗ ಎಳೆತ ಬದಲಾಗುತ್ತದೆಯೇ, ಯಾವುದಾದರೂ ಚಕ್ರ ಕಾಯುತ್ತಿದೆಯೇ ಗಮನಿಸಿ.
4. ಟೈರ್‌ಗಳ ಕಂಪನಿ, ಅಳತೆ, ಸವೆತ ಹೋಲಿಸಿ. ಮುಂದಿನ ಟೈರ್ ಅದಲುಬದಲು ಮಾಡಿಸಿ ಓಡಿಸಿ ನೋಡಿ.
5. ಸಸ್ಪೆನ್ಷನ್, ಬುಷ್, ಕೀಲುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.
6. ಇವೆಲ್ಲ ಸರಿಯಿದ್ದ ಮೇಲೆ ಕೊನೆಯಲ್ಲಿ ಅಲೈನ್‌ಮೆಂಟ್.

ಬ್ರೇಕ್ ಹಾಕಿದಾಗ ಜೋರಾಗಿ ಎಳೆದರೆ, ಎಳೆತ ಇದ್ದಕ್ಕಿದ್ದಂತೆ ಶುರುವಾದರೆ, ಟೈರಿನ ಮೈಯಲ್ಲಿ ಉಬ್ಬು ಕಂಡರೆ, ಚಕ್ರದಿಂದ ಹೊಗೆ ಅಥವಾ ಸುಟ್ಟ ವಾಸನೆ ಬಂದರೆ, ಬ್ರೇಕ್ ಎಚ್ಚರಿಕೆ ದೀಪ ಹೊತ್ತಿಕೊಂಡರೆ ಈ ಪಟ್ಟಿಯನ್ನು ಬದಿಗಿಡಿ. ಕಾರು ಪಕ್ಕಕ್ಕೆ ನಿಲ್ಲಿಸಿ, ಮೆಕ್ಯಾನಿಕ್‌ರನ್ನು ಅಲ್ಲಿಗೇ ಕರೆಸಿ.

ಮುಂದಿನ ಸಲ ಗುಂಪಿನಲ್ಲಿ ಯಾರಾದರೂ "ಕಾರು ಎಳೀತಿದೆ" ಎಂದು ಬರೆದರೆ, ಅಲೈನ್‌ಮೆಂಟ್ ಮಾಡಿಸಿ ಎನ್ನುವ ಮೊದಲು ಅವರನ್ನು ಎರಡು ಪ್ರಶ್ನೆ ಕೇಳಿ: "ಯಾವಾಗ ಎಳೆಯುತ್ತೆ? ಗಾಳಿ ಯಾವತ್ತು ನೋಡಿಸಿದ್ದು?" ಅನೇಕ ಸಲ ಉತ್ತರ ಅಲ್ಲೇ ಸಿಗುತ್ತದೆ.